ಅರವತ್ತರ ನಡುಕ

ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟಿದೊಡನೆ ನಡುಗತೊಡಗುತ್ತಿತ್ತು. 55ರಲ್ಲಿ ಇಲ್ಲ, 75 ದಾಟಿದ ಮೇಲೆಯೂ ಇಲ್ಲ. ನಡುವಿನ ಆ ಹದಿನೈದು ಕಿಲೋಮೀಟರುಗಳಲ್ಲಿ ಮಾತ್ರ ಪಾದದಡಿಯ ತಗಡು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗುತ್ತಿತ್ತು. ತಂದೆಯವರು ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ಜೊತೆಗೆ ಈ ನಡುಕವೂ ಬಂತು. ಪುಣೆಯ ಮೂರು ಗ್ಯಾರೇಜುಗಳಿಗೆ ಒಯ್ದೆ. ಒಬ್ಬರು ಚಕ್ರಗಳನ್ನು ಬ್ಯಾಲೆನ್ಸ್ ಮಾಡಿದರು, ಇನ್ನೊಬ್ಬರು ಎಂಜಿನ್ನಿನ ರಬ್ಬರ್ ಮೌಂಟಿಂಗ್ ಬದಲಿಸಿದರು, ಮೂರನೆಯವರು ಬೇರಿಂಗುಗಳನ್ನು ಹೊಸದಾಗಿ ಹಾಕಿದರು. ನಡುಕ ಮಾತ್ರ ತನ್ನ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಎಲ್ಲರದೂ ಒಂದೇ ಮಾತು: "ಗಾಡಿಗೆ ವಯಸ್ಸಾಯಿತು, ಗುಜರಿಗೆ ಕೊಟ್ಟುಬಿಡಿ." ನೋಂದಣಿಯ ನವೀಕರಣವೂ ಹತ್ತಿರ ಬಂದಿತ್ತು. ಮನೆಯವರ ಅಭಿಪ್ರಾಯವೂ ಅದೇ ಆಗಿತ್ತು.

ವಯಸ್ಸು ಎಂಬುದು ಒಂದು ಕಾರಣವೇ? ವಯಸ್ಸಿನಿಂದ ಬಂದ ನಡುಕ 60ಕ್ಕೆ ಹುಟ್ಟಿ 75ಕ್ಕೆ ಸಾಯುವುದಿಲ್ಲ. ಈ ಸಣ್ಣ ಸಂಶಯ ನನ್ನನ್ನು ಎರಡು ಚರಿತ್ರೆಗಳೊಳಗೆ ಇಳಿಸಿತು. ಒಂದು ಈ ಕಾರಿನದು, ಇನ್ನೊಂದು ಯಂತ್ರಗಳ ನಡುಕವನ್ನು ಓದಲು ಮನುಷ್ಯ ಕಲಿತ ಬಗೆಯದು.

ಕಾರಿನ ಚರಿತ್ರೆಯಲ್ಲಿ ಕನ್ನಡಿಗರಿಗೊಂದು ಪಾಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಕಲಿತದ್ದು ಇದೇ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಅವರ ಸ್ವಯಂಚಾಲಿತ ಬಾಗಿಲುಗಳು ಮೊದಲು ಕೂತದ್ದು ಊರಿನ ಪಕ್ಕದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ, 1903ರಲ್ಲಿ. ಇಷ್ಟನ್ನು ನಾವೆಲ್ಲ ಬಲ್ಲೆವು. ಆದರೆ ಎಪ್ಪತ್ತು ದಾಟಿದ ಮೇಲೆ, 1930ರ ದಶಕದ ನಡುಭಾಗದಲ್ಲಿ, ಅವರು ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದ್ದರೆಂಬುದನ್ನು ನೆನೆಯುವವರು ಕಡಿಮೆ. ಆ ಯೋಜನೆಯನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಕಟ್ಟುವ ಮಾತೂ ನಡೆಯಿತು. ಬ್ರಿಟಿಷ್ ಸರಕಾರ ಒಲವು ತೋರಲಿಲ್ಲ. ಬೆಂಗಳೂರಿಗೆ ಕಾರಿನ ಬದಲು ವಿಮಾನ ಬಂತು: 1940ರಲ್ಲಿ ವಾಲ್‌ಚಂದರು ಮೈಸೂರು ಸರಕಾರದ ಜೊತೆಗೂಡಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಮುಂಬಯಿಯಲ್ಲಿ ನೆಲೆಗೊಂಡಿತು. ಮೊದಲು ಅಮೆರಿಕದ ಕ್ರೈಸ್ಲರ್ ಜೊತೆ, ಮುಂದೆ ಇಟಲಿಯ ಫಿಯಟ್ ಜೊತೆ ಅದರ ಒಪ್ಪಂದವಾಯಿತು. ಆ ಫಿಯಟ್ 1100 ಕಾರೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು.

ಇನ್ನು ನಡುಕದ ಚರಿತ್ರೆ. ಮೊದಲ ಕಾರುಗಳ ಕಾಲದಲ್ಲಿ ನಡುಕವನ್ನು ಯಾರೂ ದೋಷವೆಂದು ಎಣಿಸಿರಲಿಲ್ಲ. ಹೊಗೆ ಹೇಗೋ ಅದೂ ಹಾಗೆ. ಅದನ್ನು ಬಿಡಿಬಿಡಿಯಾಗಿ ನೋಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ, ಆದುದರಿಂದ ಎಲ್ಲ ಸರಿತೂಗಬೇಕು ಎಂದು ತೋರುತ್ತದೆ. ಹಾಗಾಗುವುದಿಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ಮೇಲ್ತುದಿಯಲ್ಲಿ ತಿರುಗುವ ಬಗೆ ಕೆಳತುದಿಯಲ್ಲಿ ತಿರುಗುವ ಬಗೆಗಿಂತ ಬೇರೆ. ಆ ವ್ಯತ್ಯಾಸ ಎಂಜಿನ್ನಿನ ಪ್ರತಿ ಸುತ್ತಿಗೆ ಎರಡು ಬಾರಿ ಮೇಲೆ-ಕೆಳಗೆ ಕುಲುಕುತ್ತದೆ. ಎಂಜಿನ್ನಿನ ದುಪ್ಪಟ್ಟು ವೇಗದಲ್ಲಿ ಎದುರುಬದುರಾಗಿ ತಿರುಗುವ ಎರಡು ಭಾರದ ದಂಡಗಳಿಂದ ಆ ಕುಲುಕನ್ನು ಅಳಿಸಬಹುದೆಂದು ಲಾಂಚೆಸ್ಟರ್ 1904ರಲ್ಲಿ ಪೇಟೆಂಟ್ ಪಡೆದರು. ಕ್ರೈಸ್ಲರ್ ಕಂಪನಿ ಬೇರೆ ದಾರಿ ಹಿಡಿಯಿತು. 1931ರಲ್ಲಿ ತನ್ನ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ತೂಗುಬಿಟ್ಟು, ಅದು ತನ್ನಷ್ಟಕ್ಕೆ ತಾನು ಅಲುಗಲಿ, ಅಲುಗು ಮಾತ್ರ ಕೂತವರನ್ನು ಮುಟ್ಟದಿರಲಿ ಎಂದಿತು.

ಈ ಚರಿತ್ರೆಯಲ್ಲಿ ಪಂಡಿತರು ಎಡವಿದ ಪ್ರಸಂಗವೂ ಇದೆ. ತಿರುಗುವ ದಂಡವೊಂದು ಒಂದು ನಿರ್ದಿಷ್ಟ ವೇಗದಲ್ಲಿ ಬಿಲ್ಲಿನಂತೆ ಬಾಗುತ್ತದೆ, ಆ ವೇಗವನ್ನು ದಾಟಿ ತಿರುಗಿಸುವುದು ಸಾಧ್ಯವೇ ಇಲ್ಲ ಎಂದು 1869ರಲ್ಲಿ ರ್‍ಯಾಂಕಿನ್ ಬರೆದರು. ದೊಡ್ಡವರ ಮಾತೆಂದು ಜಗತ್ತು ನಂಬಿತು. ಸ್ವೀಡನ್ನಿನ ಡಿ ಲಾವಲ್ ಆ ಶತಮಾನ ಮುಗಿಯುವ ಮೊದಲೇ ತನ್ನ ಆವಿಯ ಟರ್ಬೈನಿನ ತೆಳು ದಂಡವನ್ನು ಆ ವೇಗದ ಆಚೆಗೆ ಒಯ್ದು ತೋರಿಸಿದರು. ಅಲ್ಲಿ ಅದು ಶಾಂತವಾಗಿ ತಿರುಗುತ್ತಿತ್ತು. ಏಕೆಂಬುದನ್ನು ಜೆಫ್‌ಕಾಟ್ ತಿಳಿಯಾಗಿ ವಿವರಿಸುವ ಹೊತ್ತಿಗೆ 1919 ಬಂದಿತ್ತು. ಪ್ರತಿ ವಸ್ತುವಿಗೂ ತನ್ನದೇ ಸಹಜ ಲಯವಿದೆ. ಹೊರಗಿನ ತಳ್ಳು ಆ ಲಯಕ್ಕೆ ಹೊಂದಿದಾಗ ನಡುಕ ಹಿಗ್ಗುತ್ತದೆ, ದಾಟಿದ ಮೇಲೆ ಕುಗ್ಗುತ್ತದೆ. ನಮ್ಮ ಕಾರು 75ರ ಆಚೆ ಸುಮ್ಮನಾಗುತ್ತಿದ್ದುದರ ಗುಟ್ಟೂ ಇದೇ ಜಾತಿಯದು. ದೋಷ ಅಲ್ಲಿಯೂ ಇತ್ತು. ಅದಕ್ಕೆ ದನಿಗೂಡಿಸುವ ತಗಡು, ರಬ್ಬರುಗಳು ಅಲ್ಲಿ ಜೊತೆಗೊಡುತ್ತಿರಲಿಲ್ಲ.

ಪುಣೆಯ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಇದೆ. ವಾಹನಗಳ ಸದ್ದು, ನಡುಕಗಳನ್ನು ಅಳೆಯಲೆಂದೇ ಅಲ್ಲಿ ಪ್ರಯೋಗಾಲಯವಿದೆ. ಎಂತಹ ಕಲಸುಮೇಲೋಗರದ ಕಂಪನವನ್ನೂ ಶುದ್ಧ ಲಯಗಳಾಗಿ ಬಿಡಿಸಬಹುದೆಂಬ ಫೂರಿಯೆಯ 1822ರ ಗಣಿತವೇ ಅಂತಹ ಉಪಕರಣಗಳ ತಳಹದಿ. ಆದರೆ ಹಳೆಯ ಪದ್ಮಿನಿಯನ್ನು ಹಿಡಿದುಕೊಂಡು ಗುಡ್ಡ ಹತ್ತುವುದು ನನಗೆ ಸಾಧ್ಯವಿರಲಿಲ್ಲ. ನಾನು ಹೋದದ್ದು ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ನಾನಾ ಪೇಠೆಗೆ. ಅಲ್ಲಿ ಯಾರೋ ಒಬ್ಬ ವೃದ್ಧ ಮಿಸ್ತ್ರಿಯ ವಿಳಾಸ ಹೇಳಿದರು.

ಆತ ಬಾನೆಟ್ ತೆರೆಯಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಮುಂಬಯಿ ರಸ್ತೆಗೆ ಕಾರನ್ನು ಓಡಿಸಿದರು. ಅವರ ಪರೀಕ್ಷೆ ನಾಲ್ಕು ಹೆಜ್ಜೆಯದು. ನಿಂತ ಕಾರಿನಲ್ಲಿ ಎಂಜಿನ್ನನ್ನು ಮೆಲ್ಲಗೆ ಏರಿಸಿದರು, ನಡುಕವಿಲ್ಲ. 62ರ ವೇಗದಲ್ಲಿ ಟಾಪ್ ಗೇರಿನಿಂದ ಮೂರನೆಯದಕ್ಕೆ ಇಳಿಸಿದರು. ಎಂಜಿನ್ನಿನ ಸುತ್ತು ಏರಿತು, ನಡುಕ ಇದ್ದಲ್ಲೇ ಇತ್ತು. ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿದರು. ಎಂಜಿನ್ ಇಳಿಯಿತು, ನಡುಕ ಇಳಿಯಲಿಲ್ಲ. ಕೊನೆಗೆ ಸ್ಟಿಯರಿಂಗಿಗೆ ಎರಡೇ ಬೆರಳು ತಾಗಿಸಿ, ನನ್ನ ಅಂಗೈಯನ್ನು ನಡುವಿನ ತಗಡಿನ ಮೇಲೆ ಇರಿಸುವಂತೆ ಹೇಳಿದರು. ಸ್ಟಿಯರಿಂಗ್ ನಿಶ್ಚಲ; ತಗಡು ಝೇಂಕರಿಸುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಪದ್ಮಿನಿಯ ಚಕ್ರದ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. 60ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 9 ಸುತ್ತು ಹಾಕುತ್ತದೆ. ಅಂತಹ ನಿಧಾನದ ನಡುಕ ಕುಲುಕಾಟವಾಗಿ ತಿಳಿಯುತ್ತದೆ. ಗೇರ್‌ಬಾಕ್ಸಿನಿಂದ ಹಿಂಬದಿಯ ಆಕ್ಸಲ್‌ವರೆಗೆ ಹಾಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಅಂದರೆ ಸೆಕೆಂಡಿಗೆ 38ರ ಆಸುಪಾಸು, ತಿರುಗುತ್ತದೆ. ಅದು ಝೇಂಕಾರವಾಗಿ ಕೇಳುತ್ತದೆ. ಶಾಫ್ಟಿನ ಮೈಯಲ್ಲಿ ಅಕ್ಷದಿಂದ ಮೂರೂವರೆ ಸೆಂಟಿಮೀಟರ್ ದೂರದಲ್ಲಿ ಕೇವಲ 20 ಗ್ರಾಂ ಭಾರ ಹೆಚ್ಚಾದರೂ ಸಾಕು, ಆ ವೇಗದಲ್ಲಿ 4 ಕಿಲೋ ತೂಕದಷ್ಟು ಬಲ ಸೆಕೆಂಡಿಗೆ 38 ಬಾರಿ ಸುತ್ತಿ ಸುತ್ತಿ ಎಳೆಯುತ್ತದೆ. ಮಿಸ್ತ್ರಿ ಯಾವ ಗಣಿತವೂ ಇಲ್ಲದೆ ಅಂಗೈಯಲ್ಲೇ ಇದನ್ನು ಓದಿದ್ದರು. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದಲೇ ಹಿಂದಿನವರು ಮೋಸ ಹೋಗಿದ್ದರು.

ಶಾಫ್ಟಿನಲ್ಲಿ ಬಾಗು ಇರಲಿಲ್ಲ, ಕ್ರಾಸುಗಳಲ್ಲಿ ಸಡಿಲವಿರಲಿಲ್ಲ. ಆಗ ಮಿಸ್ತ್ರಿ ಕೇಳಿದರು: "ಇದನ್ನು ಕೊನೆಗೆ ಬಿಚ್ಚಿದ್ದು ಯಾವಾಗ?" ನನಗೆ ತಿಳಿದಿರಲಿಲ್ಲ. ಆದರೆ ತಿಳಿದಿದ್ದವರು ಬರೆದಿಟ್ಟಿದ್ದರು. ಕಾರಿನ ಡಬ್ಬಿಯಲ್ಲಿ ತಂದೆಯವರ ಲೆಕ್ಕದ ಪುಸ್ತಕವಿತ್ತು. ಪೆಟ್ರೋಲ್, ಎಣ್ಣೆ, ರಿಪೇರಿ, ಪ್ರಯಾಣ, ಎಲ್ಲವೂ ಅಚ್ಚುಕಟ್ಟಾದ ಕನ್ನಡದಲ್ಲಿ. ಹಿಂದಿನ ಮೂರು ಗ್ಯಾರೇಜುಗಳಲ್ಲಿ ಅದನ್ನು ತೆರೆದು ನೋಡಿದವರಿಲ್ಲ, ನೋಡಿದರೂ ಓದಲಾಗುತ್ತಿರಲಿಲ್ಲ. ಓದಬಲ್ಲ ನಾನೇ ಓದಿರಲಿಲ್ಲ. ಅಂಗಳದಲ್ಲಿ ಕೂತು ಒಂದೊಂದು ಸಾಲನ್ನೂ ಮರಾಠಿಗೆ ತಿರುಗಿಸಿ ಹೇಳುತ್ತ ಹೋದೆ. 1997ರ ನವೆಂಬರಿನಲ್ಲಿ ಒಂದು ನಮೂದು: ಕ್ಲಚ್ ಪ್ಲೇಟ್ ಹೊಸದು, ಗೇರ್‌ಬಾಕ್ಸ್ ಇಳಿಸಿ ಕಟ್ಟಿದ್ದು. ಮರುವಾರ ಧಾರವಾಡದ ಪ್ರಯಾಣ. ಅದರ ಎದುರಿಗೆ: ನಿಪ್ಪಾಣಿ ದಾಟಿದ ಮೇಲೆ ಅರವತ್ತಕ್ಕೆ ನಡುಕ, ವಿಚಾರಿಸಬೇಕು. ಆ ಹಿಂದಿನ ಹನ್ನೊಂದು ವರ್ಷಗಳ ಪುಟಗಳಲ್ಲಿ ನಡುಕ ಎಂಬ ಪದವೇ ಇರಲಿಲ್ಲ.

ಗೇರ್‌ಬಾಕ್ಸ್ ಇಳಿಸಬೇಕಾದರೆ ಶಾಫ್ಟನ್ನು ಬಿಚ್ಚಲೇಬೇಕು. ಬಿಚ್ಚುವ ಮುನ್ನ ಜೋಡಿಯಾಗುವ ಎರಡು ಬಿಲ್ಲೆಗಳ ಮೇಲೂ ಗುರುತು ಹೊಡೆದು, ಕಟ್ಟುವಾಗ ಗುರುತಿಗೆ ಗುರುತು ಸೇರಿಸುವುದು ಈ ಕಸುಬಿನ ಹಳೆಯ ನಿಯಮ. ಪ್ರತಿ ಬಿಲ್ಲೆಗೂ ಕೂದಲೆಳೆಯಷ್ಟು ವಕ್ರತೆ ಇದ್ದೇ ಇರುತ್ತದೆ. ಒಂದು ಭಂಗಿಯಲ್ಲಿ ಅವು ಪರಸ್ಪರ ಕಳೆಯುತ್ತವೆ, ಅರ್ಧ ಸುತ್ತು ತಿರುಗಿದರೆ ಕೂಡಿಕೊಳ್ಳುತ್ತವೆ. ಮಿಸ್ತ್ರಿ ಗ್ರೀಸು ಒರೆಸಿದಾಗ ಎರಡು ಉಳಿಯ ಗೆರೆಗಳು ಕಂಡವು. ಒಂದು ಮೇಲೆ, ಇನ್ನೊಂದು ನೇರ ಕೆಳಗೆ. ನಾಲ್ಕು ಬೋಲ್ಟು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದರು. ಹೊಸ ಭಾಗ ಒಂದೂ ಬೇಕಾಗಲಿಲ್ಲ.

ಈಗ 60ರಲ್ಲಿ ಕಿವಿಗೊಟ್ಟರೆ ಮಾತ್ರ ತುಸು ಗುಂಯ್ ಎನ್ನುತ್ತದೆ. "ಅಷ್ಟು ಮಾತ್ರ ವಯಸ್ಸಿನದು" ಎಂದರು ಮಿಸ್ತ್ರಿ. ವಯಸ್ಸಿನ ತಲೆಗೆ ಕಟ್ಟಿದ್ದ ಉಳಿದೆಲ್ಲವೂ ಒಂದು ಮಧ್ಯಾಹ್ನ ಯಾರೋ ಮರೆತ ಒಂದು ಗುರುತಿನ ಫಲವಾಗಿತ್ತು. ಎಂದು ಆರಂಭವಾಯಿತು, ಅದಕ್ಕೆ ಮೊದಲು ಏನು ನಡೆಯಿತು ಎಂಬ ಎರಡು ಪ್ರಶ್ನೆಗಳನ್ನು ಕೇಳದವನು ಭಾಗಗಳನ್ನು ಬದಲಿಸುತ್ತಲೇ ಇರುತ್ತಾನೆ. ಅವೆರಡೂ ಇತಿಹಾಸಕಾರನ ಪ್ರಶ್ನೆಗಳು. ತಂದೆಯವರು "ವಿಚಾರಿಸಬೇಕು" ಎಂದು ಬರೆದು ವಿಚಾರಿಸದೆ ಉಳಿಸಿದ್ದ ಸಾಲಿನ ಕೆಳಗೆ, ದಿನಾಂಕ ಹಾಕಿ, ನಾನು ಕನ್ನಡದಲ್ಲೇ ಬರೆದೆ: ಶಾಫ್ಟ್ ಗುರುತಿಗೆ ಸೇರಿಸಿ ಕಟ್ಟಿದ್ದು, ನಡುಕ ನಿಂತಿತು. ನೋಂದಣಿಯ ನವೀಕರಣಕ್ಕೆ ಅರ್ಜಿಯನ್ನೂ ಕೊಟ್ಟಿದ್ದೇನೆ.