ಬಾಳ್ಗಚ್ಚು, ವೀರಗಲ್ಲು ಮತ್ತು ರಾಷ್ಟ್ರೀಯ ಹಬ್ಬ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದು. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಶಾಸನವನ್ನು ಭಾಷೆಯ ದೃಷ್ಟಿಯಿಂದ ಓದಿದವರೇ ಹೆಚ್ಚು. ಅದರ ವಿಭಕ್ತಿ ಪ್ರತ್ಯಯಗಳನ್ನು, ಸಂಸ್ಕೃತ ಸಮಾಸಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಆದರೆ ಶಾಸನದ ವಿಷಯ ಯಾವುದು ಎಂಬುದರ ಕಡೆಗೆ ಸಾಮಾನ್ಯ ಓದುಗರ ಗಮನ ಅಷ್ಟಾಗಿ ಹರಿದಿಲ್ಲ. ಕೇಕಯ ಪಲ್ಲವರೊಡನೆ ಕಾದಿ ಜಯ ಪಡೆದು ಬಂದ ವಿಜ ಅರಸನೆಂಬ ವೀರನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಗ್ರಾಮಗಳನ್ನು 'ಬಾಳ್ಗಚ್ಚು' ಆಗಿ ಕೊಟ್ಟುದನ್ನು ಅದು ದಾಖಲಿಸುತ್ತದೆ. ಬಾಳ್ ಎಂದರೆ ಕತ್ತಿ. ಕಚ್ಚು (ಹಳೆಯ ರೂಪ ಕೞ್ಚು) ಎಂದರೆ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ದತ್ತಿಯೇ ಬಾಳ್ಗಚ್ಚು. ಈ ದಾನವು ಎರಡು ನಾಡುಗಳ ವೀರಪುರುಷರ ಸಮಕ್ಷಮದಲ್ಲಿ ನಡೆಯಿತೆಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಕನ್ನಡಿಗರ ಲಿಖಿತ ಇತಿಹಾಸದ ಹೊಸ್ತಿಲಲ್ಲೇ ಬದುಕಿ ಮರಳಿದ ಒಬ್ಬ ಯೋಧನಿಗೆ ಸಮುದಾಯದ ಎದುರಿನಲ್ಲಿ ಸಂದ ಸನ್ಮಾನವಿದೆ.

ಯೋಧರನ್ನು ಸ್ಮರಿಸುವ ಕ್ರಮ ಪ್ರಾಚೀನ ಕರ್ನಾಟಕದಲ್ಲಿ ಎರಡು ಕವಲುಗಳಾಗಿ ಬೆಳೆಯಿತು. ಗೆದ್ದು ಬಂದವನಿಗೆ ಬಾಳ್ಗಚ್ಚು. ಮಡಿದವನಿಗೆ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆ ಅಥವಾ ಕಲ್ನಾಡು ಎಂಬ ಹೆಸರಿನ ಭೂಮಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ನಾಗತ್ತರನು ರಣರಂಗದಲ್ಲಿ ಮಡಿದನು. ಆ ವಾರ್ತೆಯನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳ ಭೀಕರ ಕಾಳಗ ಮೂಡಿದೆ. ಆದರೆ ಅಕ್ಷರಗಳಲ್ಲಿ ಮೂಡಿರುವುದು ಒಂದು ಆಸ್ತಿಪತ್ರ. ಶಿಲ್ಪವು ವೀರನ ಕೀರ್ತಿಯನ್ನು ನೋಡಿಕೊಂಡರೆ, ಶಾಸನವು ಅವನ ಹಿಂದೆ ಉಳಿದವರ ಅನ್ನವನ್ನು ನೋಡಿಕೊಂಡಿತು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಈ ಪರಂಪರೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಬಂಟ ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಡಲಾಯಿತು. ಮಣಲೆರನಿಗೂ ಬಾಳ್ಗಚ್ಚಾಗಿ ಗ್ರಾಮಗಳು ದೊರೆತವು. ಈ ಶಾಸನದ ಒಂದು ವಿಧಿ ವಿಶೇಷವಾಗಿ ಗಮನಾರ್ಹ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ. ಸ್ಮರಣೆಯೆಂಬುದು ಮನಸ್ಸು ಬಂದಾಗ ಮಾಡುವ ಔದಾರ್ಯವಲ್ಲ, ದತ್ತಿಯನ್ನು ಉಣ್ಣುವವನು ದಿನವೂ ತೀರಿಸಬೇಕಾದ ಋಣ ಎಂಬ ತಿಳಿವು ಇದರ ಹಿಂದೆ ಇದೆ.

ವೀರಗಲ್ಲುಗಳೆಲ್ಲವೂ ಅರಸರ ಯುದ್ಧಗಳಿಗೆ ಸಂಬಂಧಿಸಿದವಲ್ಲ. ತುರುಗಳನ್ನು ಕದ್ದೊಯ್ಯುವಾಗ ಅಡ್ಡಗಟ್ಟಿ ಸತ್ತವರು, ಊರಳಿವಿನಲ್ಲಿ ಹೋರಾಡಿದವರು, ಹೆಣ್ಣಿನ ಮಾನ ಕಾಯಲು ಪ್ರಾಣ ತೆತ್ತವರು, ಹುಲಿ ಹಂದಿಗಳನ್ನು ಎದುರಿಸಿದವರು ಹೀಗೆ ಅಸಂಖ್ಯ ಸಾಮಾನ್ಯರು ಈ ಕಲ್ಲುಗಳಲ್ಲಿ ನಿಂತಿದ್ದಾರೆ. ಅವರಲ್ಲಿ ಅನೇಕರನ್ನು ಯಾವ ರಾಜವಂಶದ ಚರಿತ್ರೆಯೂ ಬಲ್ಲದು. ಅವರನ್ನು ಬಲ್ಲದ್ದು ಅವರ ಊರು ಮಾತ್ರ ಎಂಬುದು ಕಲ್ಲಿನ ಸ್ಥಾನದಿಂದಲೇ ತಿಳಿಯುತ್ತದೆ. ಊರ ಬಾಗಿಲು, ಕೆರೆಯ ಏರಿ, ದೇವಾಲಯದ ಅಂಗಳ ಇವೇ ಅವುಗಳ ನೆಲೆ. ಆಳಿದ ವಂಶಗಳು ಅಳಿದ ಮೇಲೂ ಊರಿನವರು ಆ ಕಲ್ಲುಗಳಿಗೆ ಎಣ್ಣೆ ಹಚ್ಚಿ ಪೂಜಿಸುತ್ತ ಬಂದುದು ಆಶ್ಚರ್ಯವಲ್ಲ.

ಆಧುನಿಕ ಯುಗದಲ್ಲಿ ಯೋಧನ ಸ್ಮರಣೆ ಊರಿನಿಂದ ರಾಜಧಾನಿಗೆ ಸಾಗಿತು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು ಪಶ್ಚಿಮ ಏಷ್ಯಾದಲ್ಲಿ ಸೇವೆ ಸಲ್ಲಿಸಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಸೇರಿ, ಭರ್ಜಿ ಹಿಡಿದ ಸವಾರರು ಮಷಿನ್‌ಗನ್ನುಗಳ ಎದುರು ನುಗ್ಗಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡರು. ಹೈದರಾಬಾದು, ಮೈಸೂರು, ಜೋಧಪುರ ಅಶ್ವದಳಗಳ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ತೀನ್ ಮೂರ್ತಿ ಸ್ಮಾರಕ ನಿಂತಿತು. 1931ರಲ್ಲಿ ಅನಾವರಣಗೊಂಡ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಇವರೆಲ್ಲ ಸಾಮ್ರಾಜ್ಯದ ಧ್ವಜದಡಿಯಲ್ಲಿ ಹೋರಾಡಿದವರು. ಸ್ವತಂತ್ರ ಭಾರತದ ಹಬ್ಬದಲ್ಲಿ ಅವರಿಗೆ ಎಲ್ಲಿ ಸ್ಥಾನ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ವೀರಗಲ್ಲಿನ ಪರಂಪರೆ ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಕೊಡುತ್ತದೆ: ಹೋರಾಟ ಯಾವ ದೊರೆಯ ಪರವಾಗಿ ನಡೆದರೂ ಮಡಿದವನು ಊರಿನ ಮಗ.

ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಹಬ್ಬಕ್ಕೂ ಯೋಧನ ಸ್ಮರಣೆಗೂ ವಿಧಿವತ್ತಾದ ನಂಟು ಬೆಳೆಯಿತು. ಪರಮವೀರ ಚಕ್ರವನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, ಗಣರಾಜ್ಯ ಜನಿಸಿದ ದಿನವೇ. ಆದರೆ ಅದು 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ ಜಾರಿಗೆ ಬಂತು. ಹೀಗಾಗಿ 1947ರ ನವೆಂಬರಿನಲ್ಲಿ ಕಾಶ್ಮೀರದ ಬಡಗಾಮಿನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ ಮೊದಲ ಪರಮವೀರ ಚಕ್ರ ಸಂದಿತು. 1971ರ ಯುದ್ಧದ ಬಳಿಕ, 1972ರ ಜನವರಿ 26ರಂದು, ಇಂಡಿಯಾ ಗೇಟಿನ ಕಮಾನಿನ ಕೆಳಗೆ ಅಮರ ಜವಾನ್ ಜ್ಯೋತಿ ಬೆಳಗಿತು. ಮೆರವಣಿಗೆಗೆ ಮುನ್ನ ಪ್ರಧಾನಮಂತ್ರಿಗಳು ಅಲ್ಲಿ ಪುಷ್ಪಚಕ್ರ ಅರ್ಪಿಸುವ ಪದ್ಧತಿ ನೆಲೆಗೊಂಡಿತು. 2019ರ ಫೆಬ್ರವರಿ 25ರಂದು ಲೋಕಾರ್ಪಣೆಯಾದ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. 2020ರಿಂದ ಆ ಗೌರವಾರ್ಪಣೆ ಅಲ್ಲಿಯೇ ನಡೆಯುತ್ತದೆ. ಹಬ್ಬದ ಸಂಭ್ರಮಕ್ಕೆ ಮುನ್ನ ಮೌನ ಎಂಬ ಈ ಕ್ರಮದಲ್ಲಿ ಆತಕೂರಿನ ಶಾಸನದ ಆಶಯ ಬೇರೊಂದು ರೂಪದಲ್ಲಿ ಉಳಿದಂತೆ ತೋರುತ್ತದೆ.

ವೀರಗಲ್ಲಿನ ಕವಲು ಹೀಗೆ ಬೆಳೆದರೆ, ಬಾಳ್ಗಚ್ಚಿನ ಕವಲು ಏನಾಯಿತು? 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತಿದೆ. ಪುಟ್ಟ ಧ್ವಜವನ್ನು ಎದೆಗೆ ಸಿಕ್ಕಿಸಿಕೊಂಡು ನಾಗರಿಕರು ಕೊಡುವ ಕಾಣಿಕೆಯು ಯುದ್ಧದಲ್ಲಿ ಅಂಗವಿಕಲರಾದವರ ಪುನರ್ವಸತಿಗೆ, ಯೋಧರ ಕುಟುಂಬಗಳ ಹಾಗೂ ಮಾಜಿ ಸೈನಿಕರ ಕಲ್ಯಾಣಕ್ಕೆ ಸಲ್ಲುತ್ತದೆ. ಜನವರಿ 14 ಮಾಜಿ ಸೈನಿಕರ ದಿನ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ಸೇವೆಯಿಂದ ನಿವೃತ್ತರಾದುದು ಅಂದೇ. ಮರುದಿನ, ಜನವರಿ 15, ಭೂಸೇನಾ ದಿನ. 1949ರಲ್ಲಿ ಅದೇ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ದಿನವದು. ಕನ್ನಡ ನಾಡಿನ ಒಬ್ಬ ಸೇನಾನಿಯ ಬದುಕಿನ ಎರಡು ದಿನಗಳು ಗಣರಾಜ್ಯೋತ್ಸವಕ್ಕೆ ಮುಂಚಿನ ಹದಿನೈದು ದಿನಗಳಲ್ಲೇ ರಾಷ್ಟ್ರದ ಪಂಚಾಂಗದಲ್ಲಿ ಸೇರಿವೆ. ಆದರೂ ಶಾಲೆಯ ಅಂಗಳದಲ್ಲಿ ಜನವರಿ 26ಕ್ಕೆ ದೊರೆಯುವ ಸ್ಥಾನ ಜನವರಿ 14ಕ್ಕೆ ಇನ್ನೂ ದೊರೆತಿಲ್ಲ. ಮಡಿದವರನ್ನು ಕೊಂಡಾಡುವುದು ಸುಲಭ. ಅವರು ಏನನ್ನೂ ಕೇಳುವುದಿಲ್ಲ. ಬದುಕಿ ಬಂದವನಿಗೆ ಉದ್ಯೋಗ, ಚಿಕಿತ್ಸೆ, ನೆಲೆ ಬೇಕು.

ಸ್ಮರಣೆ ತಡವಾದರೆ ಏನಾಗುತ್ತದೆ ಎಂಬುದಕ್ಕೂ ಕೊಡಗಿನಲ್ಲೇ ನಿದರ್ಶನವಿದೆ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ತೆರಳಿದವರು ಹಿಂದಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗಶಾಲಿಯಾದ ಸ್ಟಾರ್‌ಫೈಟರ್ ಒಂದನ್ನು ಅವರು ಎದುರಿಸಿ ಹೊಡೆದುರುಳಿಸಿದ್ದರು. ಅದನ್ನು ಕಂಡು ಬಂದು ಹೇಳಲು ಸಹಚರರಾರೂ ಬಳಿಯಲ್ಲಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಉಳಿಯಿತು. ಎದುರು ಪಕ್ಷದ ಕಡೆಯಿಂದ ಬಂದ ವೃತ್ತಾಂತಗಳಿಂದ ಸತ್ಯ ಬೆಳಕಿಗೆ ಬಂದು, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ನಡುವೆ ಇಪ್ಪತ್ತಮೂರು ವರ್ಷಗಳು ಕಳೆದಿದ್ದವು. ಅಷ್ಟೂ ಸ್ವಾತಂತ್ರ್ಯೋತ್ಸವಗಳಲ್ಲಿ ಧ್ವಜ ಹಾರಿತ್ತು, ಆದರೆ ಅವರ ಸಾಹಸವನ್ನು ಹೇಳುವವರಿರಲಿಲ್ಲ.

ರಾಜಧಾನಿಯ ಸ್ಮಾರಕದಲ್ಲಿ ಸಾವಿರಾರು ಹೆಸರುಗಳ ನಡುವೆ ಒಂದಾಗಿರುವ ಹೆಸರು, ಅವನು ಹುಟ್ಟಿದ ಊರಿನಲ್ಲಿ ಒಂದು ಮನೆ, ಒಬ್ಬ ತಾಯಿ, ಒಂದು ಹೊಲ. ಆದ್ದರಿಂದ ರಾಷ್ಟ್ರ ಮಾಡುವ ಸ್ಮರಣೆಯು ಊರು ಮಾಡಬೇಕಾದ ಸ್ಮರಣೆಗೆ ಬದಲಿಯಾಗಲಾರದು. ಆಗಸ್ಟ್ 15ರಂದು ಗ್ರಾಮದ ಧ್ವಜಸ್ತಂಭದ ಬಳಿ ಆ ಊರಿನಿಂದ ಸೇನೆಗೆ ಹೋಗಿ ಮಡಿದವರ ಹೆಸರುಗಳನ್ನು ಇಸವಿಯೊಡನೆ ಓದುವುದಕ್ಕೆ ಖರ್ಚಿಲ್ಲ. ಊರಿನ ಹಿರಿಯ ಮಾಜಿ ಸೈನಿಕನಿಂದಲೇ ಧ್ವಜಾರೋಹಣ ಮಾಡಿಸುವುದಕ್ಕೆ ಯಾವ ಆದೇಶವನ್ನೂ ಕಾಯಬೇಕಿಲ್ಲ. ಯೋಧನ ವಿಧವೆಯ ಪಿಂಚಣಿಯ ಕಾಗದಗಳು ಎಲ್ಲಿ ನಿಂತಿವೆ ಎಂದು ವಿಚಾರಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರೆಗೆ ಆಕೆಯ ಜೊತೆಗೆ ಹೋಗುವುದು ಇಂದಿನ ನೆತ್ತರುಗೊಡಗೆ. ಹಲ್ಮಿಡಿಯ ಕಲ್ಲು ದಾನವನ್ನು ದಾಖಲಿಸಿ ಅಷ್ಟಕ್ಕೇ ಮುಗಿಸುವುದಿಲ್ಲ. ಕೊಟ್ಟುದನ್ನು ಕಿತ್ತುಕೊಳ್ಳುವವನು ಮಹಾಪಾತಕಿಯೆಂದೂ ಹೇಳುತ್ತದೆ. ಒಂದೂವರೆ ಸಾವಿರ ವರ್ಷಗಳ ಹಿಂದೆ ಅಂತಹ ಎಚ್ಚರಿಕೆಯ ಅಗತ್ಯವಿತ್ತು. ಅದು ಇಂದಿಗೂ ಇದೆ.