ಕೀಲಿಕೈಯಿಂದ ಜೀನ್ ಚಿಕಿತ್ಸೆಯವರೆಗೆ: ಫಿಟ್ಸ್ ರೋಗದ ಕಥೆ

ಕುಕನೂರಿನ ಸಂತೆಯಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಮೊದಲು ಕೇಳುವ ಮಾತು, ‘ಕಬ್ಬಿಣ ಕೊಡ್ರಿ, ಕೀಲಿಕೈ ಕೊಡ್ರಿ!’ ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಕೀಲಿಕೈಗೆ!

ಈಗ ಮೊಬೈಲಿನಲ್ಲಿ ಹೊಸ ಸುದ್ದಿ ಓಡಾಡುತ್ತಿದೆ. ಜೀನ್ ಚಿಕಿತ್ಸೆ ಬಂದಿದೆ, ಇನ್ನು ಗುಳಿಗೆ ಬೇಡ ಅಂತ. ಅದನ್ನು ನಂಬಿ ಗುಳಿಗೆ ಬಿಡುವ ಮೊದಲು ಈ ರೋಗದ ಹಿಂದಿನ ಕಥೆ ಸ್ವಲ್ಪ ನೋಡೋಣ.

ನಮ್ಮ ಹಿರಿಯರು ಇದನ್ನು ಅಪಸ್ಮಾರ ಎಂದರು. ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನ ಹೆಸರೂ ಅದೇ. ಮೊದಲ ಪರಿಣಾಮಕಾರಿ ಔಷಧ ಬ್ರೋಮೈಡ್ 1857ರಲ್ಲಿ ಲಂಡನ್ನಿನಲ್ಲಿ ಬೆಳಕಿಗೆ ಬಂತು. 1912ರಲ್ಲಿ ಫಿನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಬಂದವು. ಈ ಎರಡು ಹಳೆಯ, ಅಗ್ಗದ ಗುಳಿಗೆಗಳನ್ನೇ ಹಿಡಿದು ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ನಿಂತಿತ್ತು. ಕಡಿಮೆ ಸಲ ಬಿದ್ದಿದ್ದಾಗಲೇ ಗುಳಿಗೆ ಶುರು ಮಾಡಿದವರಿಗೆ ಫಲ ಇನ್ನೂ ಚೆನ್ನಾಗಿತ್ತು. ದೊಡ್ಡ ಆಸ್ಪತ್ರೆ ಇಲ್ಲದ ಊರಲ್ಲೂ ಇದು ಸಾಧ್ಯ ಅಂತ ತೋರಿಸಿದ ಕೆಲಸ ಇದು. ನನಗೆ ಜೀನ್ ಸುದ್ದಿಗಿಂತ ಇದೇ ದೊಡ್ಡದು ಅನಿಸುತ್ತದೆ.

ಜೀನ್ ವಿಷಯದಲ್ಲೂ ಕರ್ನಾಟಕಕ್ಕೆ ಜಾಗವಿದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. 1968ರಲ್ಲೇ ಮಣಿ ಅದರ ಬಗ್ಗೆ ಬರೆದಿದ್ದರು. 2009ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಇಂಥ ಕುಟುಂಬಗಳನ್ನು ಪರೀಕ್ಷಿಸಿ, 4 ಮತ್ತು 10ನೇ ಕ್ರೋಮೋಸೋಮುಗಳ ಒಂದೊಂದು ಭಾಗಕ್ಕೆ ನಂಟಿದೆ ಎಂದರು. ಆದರೆ ಮೂರ್ಛೆರೋಗ ಎಲ್ಲರಿಗೂ ಜೀನಿನಿಂದ ಬರುವುದಿಲ್ಲ. ತಲೆಗೆ ಪೆಟ್ಟು, ಮೆದುಳಿನಲ್ಲಿ ಲಾಡಿಹುಳದ ಗಂಟು, ಹೆರಿಗೆಯಲ್ಲಿ ಮಗುವಿಗಾದ ತೊಂದರೆ, ಇವೂ ಕಾರಣ.

ಈಗಿನ ಪ್ರಯೋಗಗಳಲ್ಲಿ ಮುಖ್ಯವಾದದ್ದು ಡ್ರಾವೆ ಎಂಬ, ಕೂಸುಗಳಿಗೆ ಬರುವ ಕಠಿಣ ರೋಗದ್ದು. ಎಸ್‌ಸಿಎನ್1ಎ ಜೀನ್ ಕೆಡುವುದರಿಂದ ಅದು ಬರುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ರೋಗ ತರುವ ಶಕ್ತಿ ತೆಗೆದ ವೈರಸ್ಸನ್ನು ಗಾಡಿಯ ಹಾಗೆ ಬಳಸಿ, ಆ ಜೀನಿನ ಕೆಲಸ ಹೆಚ್ಚಿಸುವ ಸಂದೇಶವನ್ನು ಮೆದುಳಿಗೆ ಮುಟ್ಟಿಸುವುದು ಉಪಾಯ. ಇನ್ನೂ ಸ್ವಲ್ಪ ಮಕ್ಕಳ ಮೇಲೆ ಪ್ರಯೋಗ ನಡೆದಿದೆ, ಅಷ್ಟೇ. ನಮ್ಮ ಔಷಧ ಅಂಗಡಿಗೆ ಬಂದಿಲ್ಲ. ಇದ್ದಕ್ಕಿದ್ದಂತೆ ಗುಳಿಗೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ.

ಜೀನ್ ಅಂದ ಕೂಡಲೇ ‘ಅವರ ವಂಶದಾಗ ಐತಿ’ ಅಂತ ಹೆಣ್ಣು-ಗಂಡು ನೋಡುವವರು ಹಿಂದೆ ಸರಿಯುತ್ತಾರೆ. ಡ್ರಾವೆ ರೋಗದಲ್ಲಿ ಹೆಚ್ಚಿನ ಮಕ್ಕಳಿಗೆ ಆ ದೋಷ ಹೊಸದಾಗಿ ಆದದ್ದು, ತಂದೆ-ತಾಯಿಯಿಂದ ಬಂದದ್ದಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲೂ ಪದೇ ಪದೇ ಮೂರ್ಛೆ ಬರುವವರ ಮದುವೆಗೆ ಅಡ್ಡಿ ಇತ್ತು. 1999ರಲ್ಲಿ ಸಂಸತ್ತು ಆ ಮಾತನ್ನು ಕಾಯ್ದೆಯಿಂದ ತೆಗೆದುಹಾಕಿತು.