ಕಾಯುವ ಕೋಶವೇ ಕೊಲ್ಲುವಾಗ: ನರಹಾನಿಯ ಮೂಲ ಅರಸಿದ ನಿಮ್ಹಾನ್ಸ್ ಸಂಶೋಧನೆ

ಮೂಡಿಗೆರೆ: ಕಾಫಿ ಗಿಡ ಸವರುವ ಕತ್ತರಿ ಕೈಯಿಂದ ಜಾರತೊಡಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ. ತೋಟದ ಏರಿನಲ್ಲಿ ಕಾಲು ಎಡವುತ್ತದೆ. ನೋವಿಲ್ಲ, ಜೋಮಿಲ್ಲ, ಬಲ ಮಾತ್ರ ಕುಂದುತ್ತದೆ. ವಯಸ್ಸಿನ ನಿಶ್ಶಕ್ತಿಯೆಂದು ಕಡೆಗಣಿಸಲಾಗುವ ಈ ಲಕ್ಷಣಗಳು ಅಪರೂಪಕ್ಕೊಮ್ಮೆ ಎಎಲ್‌ಎಸ್ ಎಂಬ ನರರೋಗದ ಮುನ್ಸೂಚನೆಯಾಗಿರುತ್ತವೆ. ಈ ರೋಗದಲ್ಲಿ ನರಕೋಶಗಳು ಏಕೆ ಸಾಯುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳೂ ಇದ್ದಾರೆ. ಅವರ ಶೋಧದ ಜಾಡು ಉರಿಯೂತದ ಕಡೆಗೆ ಸಾಗಿದೆ.

ಏನಿದು ರೋಗ?

ಸ್ನಾಯುಗಳಿಗೆ ಆಜ್ಞೆ ನೀಡುವ ಚಾಲಕ ನರಕೋಶಗಳು ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಒಂದೊಂದಾಗಿ ನಶಿಸುವುದೇ ಎಎಲ್‌ಎಸ್. ಕೈಕಾಲು, ಮಾತು, ನುಂಗುವಿಕೆ, ಕೊನೆಗೆ ಉಸಿರಾಟ ಕುಂಠಿತವಾಗುತ್ತದೆ. ಬಹುತೇಕ ರೋಗಿಗಳ ಆಯಸ್ಸು ಲಕ್ಷಣ ಕಾಣಿಸಿಕೊಂಡ ಬಳಿಕ 3ರಿಂದ 5 ವರ್ಷ. 1963ರಲ್ಲಿ ರೋಗ ಪತ್ತೆಯಾದರೂ 2018ರವರೆಗೆ ಬದುಕಿದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ವಿರಳ ಅಪವಾದ. ಸುಮಾರು ಶೇ. 10ರಷ್ಟು ಪ್ರಕರಣಗಳು ಮಾತ್ರ ವಂಶಪಾರಂಪರ್ಯವಾದವು.

ದ್ರವದಲ್ಲಿ ಅಡಗಿದ ಸುಳಿವು

ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ತಿಳಿದ್ರವ ವಯಸ್ಕರಲ್ಲಿ ಸುಮಾರು 150 ಮಿಲಿಲೀಟರ್ ಇರುತ್ತದೆ. ರೋಗಿಯ ಈ ದ್ರವದಲ್ಲೇ ಹಾನಿಕಾರಕ ಅಂಶವಿರಬಹುದೇ? ನರಶರೀರಕ್ರಿಯಾ ವಿಜ್ಞಾನಿ ಟಿ.ಆರ್. ರಾಜು ಹಾಗೂ ನರರೋಗ ತಜ್ಞರಾದ ಎಂ. ಗೌರಿದೇವಿ, ಎ. ನಳಿನಿ ಅವರನ್ನೊಳಗೊಂಡ ತಂಡ ಇದನ್ನು ಪರೀಕ್ಷೆಗೊಡ್ಡಿತು. ಆ ದ್ರವಕ್ಕೆ ಒಡ್ಡಿದ ನವಜಾತ ಇಲಿಮರಿಗಳ ಬೆನ್ನುಹುರಿಯಲ್ಲಿ, ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳು ಕೆರಳಿದ್ದನ್ನು ತಂಡ 1998ರಲ್ಲಿ ವರದಿ ಮಾಡಿತು.

ಮುಂದಿನ ಹೆಜ್ಜೆ ಮೈಕ್ರೋಗ್ಲಿಯಾದತ್ತ. ಇವು ಮಿದುಳಿನ ಕಾವಲು ಕೋಶಗಳು. ಸೋಂಕು ಅಥವಾ ಪೆಟ್ಟು ತಗಲಿದಾಗ ಉರಿಯೂತವೆಬ್ಬಿಸಿ ಸತ್ತ ಕೋಶಗಳನ್ನು ಗುಡಿಸುತ್ತವೆ; ಕೆಲಸ ಮುಗಿದೊಡನೆ ತಣ್ಣಗಾಗಬೇಕು. ರಾಜು, ಫಾಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗಿಗಳ ದ್ರವ ಸೋಂಕಿದ ಮೈಕ್ರೋಗ್ಲಿಯಾ ಉರಿಯೂತಕಾರಕ ರಾಸಾಯನಿಕಗಳನ್ನು ಹೆಚ್ಚಿಸಿ, ಉರಿ ಶಮನಗೊಳಿಸುವ ಹಾಗೂ ನರಕೋಶ ಪೋಷಿಸುವ ಅಂಶಗಳನ್ನು ತಗ್ಗಿಸುತ್ತದೆ. ಅಂದರೆ ಬೆಂಕಿ ಹೊತ್ತುತ್ತದೆ, ಆರಿಸುವ ನೀರೂ ಬತ್ತುತ್ತದೆ.

ಇದಕ್ಕೂ ಮುನ್ನ 2013ರಲ್ಲಿ, ರೋಗಿಗಳ ದ್ರವದಲ್ಲಿ ಕೈಟೋಟ್ರಯೋಸಿಡೇಸ್ ಎಂಬ ಕಿಣ್ವ ಅಧಿಕವಾಗಿರುವುದನ್ನು ನಿಮ್ಹಾನ್ಸ್ ತಂಡ ಗುರುತಿಸಿತ್ತು. ರೋಗ ಪತ್ತೆಗೆ ಇದು ಸೂಚಕವಾಗಬಹುದೆಂಬ ನಿರೀಕ್ಷೆ ಅದರ ಹಿಂದಿದೆ.

ಔಷಧ ಇನ್ನೂ ದೂರ

ಇವು ಇಲಿಗಳಲ್ಲಿ ಮತ್ತು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡ ಫಲಿತಾಂಶಗಳು. ಉರಿಯೂತ ರೋಗದ ಮೂಲವೋ, ಸಾಯುತ್ತಿರುವ ಕೋಶಗಳ ಪರಿಣಾಮವೋ ಎಂಬ ಚರ್ಚೆ ಮುಗಿದಿಲ್ಲ. ಉರಿಯೂತವನ್ನು ಪೂರ್ತಿ ಅಡಗಿಸಿದರೆ ಅದರ ರಕ್ಷಣೆಯೂ ಹೋಗುತ್ತದೆ ಎಂಬುದು ಇನ್ನೊಂದು ತೊಡಕು. 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ರಿಲುಜೋಲ್ ಮಾತ್ರೆ ಆಯಸ್ಸನ್ನು ಕೆಲವು ತಿಂಗಳು ಹಿಗ್ಗಿಸುತ್ತದೆ, ರೋಗ ಗುಣಪಡಿಸದು.

ಆದರೂ ಬೇಗ ಪತ್ತೆಯಾದರೆ ಉಸಿರಾಟದ ನೆರವು, ಆಹಾರ, ವ್ಯಾಯಾಮಗಳನ್ನು ಸಕಾಲದಲ್ಲಿ ಯೋಜಿಸಬಹುದು. ಕುತ್ತಿಗೆಯಲ್ಲಿ ನರ ಒತ್ತಿದಾಗಲೂ ಇಂತಹುದೇ ಲಕ್ಷಣಗಳು ಬರಬಹುದು. ಅದಕ್ಕೆ ಚಿಕಿತ್ಸೆ ಉಂಟು. ಆದ್ದರಿಂದ ಬಲಗುಂದಿದ ಕೈಗೆ ಎಣ್ಣೆ ತಿಕ್ಕಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ನರರೋಗ ತಜ್ಞರನ್ನು ಕಾಣುವುದು ಲೇಸು.